ಬಚ್ಚಲ ಮಗ್ಗುಲಿನ ನೀಲಿ ಕಳೆ

ನಮ್ಮವ್ವ ಸಾವಂತ್ರೆವ್ವನ ಕೈಗೆ ಸುಮ್ಮನಿರುವುದು ಗೊತ್ತೇ ಇಲ್ಲ. ನಲವತ್ತು ವರ್ಷ ಎಂ.ಕೆ. ಹುಬ್ಬಳ್ಳಿ ಸುತ್ತಿನ ಕಬ್ಬಿನ ಹೊಲಗಳಲ್ಲಿ ಕಳೆ ತೆಗೆದ ಕೈ ಅದು. ಇನ್ನು ಕುಕ್ಕರಗಾಲಲ್ಲಿ ಕೂತರೆ ಮೊಣಕಾಲು ಪೂರಾ ಹೋಗುತ್ತದೆ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಕೇಳುತ್ತಾಳೆಯೇ? ಮರುದಿನವೇ ಬುತ್ತಿ ಕಟ್ಟಿಕೊಂಡು ಹೊರಟಳು. ನಾನು ಹೊಲಿಗೆ ಮಷಿನ್ ಬಿಟ್ಟೆದ್ದು ಬಾಗಿಲಿಗೆ ಅಡ್ಡ ನಿಂತು ಬಾಯಿಗೆ ಬಂದಂತೆ ಬೈದೆ.

ಕೊನೆಗೆ ಅವಳೇ ಒಂದು ಕಳೆ ತಂದು ಹಿತ್ತಲಲ್ಲಿ ಬಚ್ಚಲ ನೀರು ಹರಿಯುವಲ್ಲಿ ಊರಿದಳು. ತೇವ ಇದ್ದಲ್ಲಿ ಹಬ್ಬುವ, ಉಗುರಿನಷ್ಟು ನೀಲಿ ಹೂ ಬಿಡುವ ಕಳೆ. ಹೂ ಬಿಟ್ಟರೆ ಬೀಜ ಉದುರುತ್ತದೆಂದು ಹೊಲದಲ್ಲಿ ಅದನ್ನು ಅರಳುವ ಮೊದಲೇ ಕಿತ್ತು ಬಿಸಾಡುತ್ತಾರೆ.

“ನನ್ನ ಕೈಯಾಗ ಇದು ಒಮ್ಮೆನೂ ಅರಳಿಲ್ಲ. ಹೂ ಬಿಡೋತನಕ ಮನ್ಯಾಗ ಇರತೇನಿ. ಆಮ್ಯಾಲ ನನ್ನ ತಡೀಬ್ಯಾಡ,” ಎಂದಳು.

ಒಪ್ಪಿದೆ. ಒಪ್ಪಿದ್ದೇ ತಪ್ಪಾಯಿತು. ಎರಡು ವಾರಕ್ಕೆ ದೊನ್ನೆಯಂತೆ ಮಡಚಿದ ಎಲೆಯೊಳಗೆ ಮೊಗ್ಗು ಕೂತಿತು. ಆವತ್ತು ಅದರದೇ ಯೋಚನೆಯಲ್ಲಿ ಒಬ್ಬರ ಜಂಪರಿನ ತೋಳನ್ನು ಇನ್ನೊಬ್ಬರದಕ್ಕೆ ಹೊಲಿದೆ. ಮರುದಿನ ಅವ್ವ ಏಳುವ ಮೊದಲೇ ಹೋಗಿ ಮೊಗ್ಗಿದ್ದ ಕುಡಿಯನ್ನು ಚಿವುಟಿ ಎಸೆದೆ. ತಪ್ಪು ಮಾಡಿದೆ ಅನ್ನಿಸಲೇ ಇಲ್ಲ.

ದಿನವೂ ಇದೇ ಕೆಲಸವಾಯಿತು. ಅವ್ವ ದಿನಕ್ಕೆ ಹತ್ತು ಸಲ ಹಿತ್ತಲಿಗೆ ಹೋಗಿ ನೋಡಿ ಬರುವಳು, ಕಟ್ಟೆಯ ಮೇಲೆ ಕೂತು ಎದ್ದು ಮತ್ತೆ ಕೂರುವಳು, ಚಾಪೆಯ ಎಳೆ ಕೀಳುವಳು. ಅವಳ ಜೋಡಿ ಕಳೆ ತೆಗೆಯುವ ಬಾಯವ್ವ ಬೆಳಿಗ್ಗೆ ಆಳುಗಳನ್ನು ಹೊಲಕ್ಕೆ ಒಯ್ಯುವ ಟಂಟಂ ಗಾಡಿಯಲ್ಲಿ ಕೂತೇ ಅವಳನ್ನು ಕೂಗಿ ಕರೆದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹಾಳಾದ ಗಿಡ, ಚಿವುಟಿದಷ್ಟೂ ಕವಲೊಡೆಯಿತು. ಒಂದು ಕುಡಿ ಹೋದಲ್ಲಿ ಮೂರು! ಅಷ್ಟರಲ್ಲಿ ನನಗೆ ಜ್ವರ ಬಂದು ಎರಡು ದಿನ ಏಳಲಾಗಲಿಲ್ಲ. ಮೂರನೇ ದಿನ ಹೋಗುವಷ್ಟರಲ್ಲಿ ಬಚ್ಚಲ ಮಗ್ಗುಲೆಲ್ಲ ನೀಲಿಯಾಗಿತ್ತು. ಅವ್ವ ನನಗಿಂತ ಮೊದಲೇ ಅಲ್ಲಿ ನಿಂತಿದ್ದಳು. ಹೊರಗೆ ಟಂಟಂ ಹಾರ್ನ್ ಹೊಡೆಯುತ್ತಿತ್ತು. ಮುಗಿಯಿತು, ಇನ್ನು ಇವಳನ್ನು ಹಿಡಿಯುವವರಿಲ್ಲ ಅಂದುಕೊಂಡೆ.

“ನಿನ್ನ ಕಿತಾಪತಿ ನನಗ ಮೊದಲನೇ ದಿನಾನ ಗೊತ್ತಾತು,” ಎಂದಳು. “ಉಗುರ ಹಚ್ಚಿದ ಕುಡಿ ನನಗ ತಿಳಿಯೂದಿಲ್ಲೇನು?”

ಮತ್ತೆ ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ.

“ಮೊದಲ ಸಿಟ್ಟ ಬಂದಿತ್ತು. ಆಮ್ಯಾಲ ನೋಡಿದೆ, ನಾ ಮನ್ಯಾಗ ಇರಲಿ ಅಂತ ದಿನಾ ನಸುಕಿನ್ಯಾಗ ಎದ್ದು ಕಳವು ಮಾಡಾಕ ಹತ್ತೀದಿ. ಕೆಲಸಕ್ಕ ಬಾ ಅಂತ ಕರದವರ ಭಾಳ ಮಂದಿ. ಇರು ಅಂತ ಯಾರೂ ಇಷ್ಟ ಗುದ್ದಾಡಿದ್ದಿಲ್ಲ ಯಶೋಧಾ. ಹೋಗು, ನಾ ಬರೂದಿಲ್ಲಂತ ಬಾಯವ್ವಗ ಹೇಳಿ ಬಾ.”

ನಾನು ಅಳುತ್ತಲೇ ಬಾಗಿಲಿಗೆ ಓಡಿದೆ.