ಜಿನ್ನಿನ ಗೇಟು ಕದ್ದ ಹುಣ್ಣಿಮೆ

ಅಣ್ಣಿಗೇರಿಯ ರೇವವ್ವನ ದನಿ ಎಂಥದ್ದೆಂದರೆ, ಹತ್ತಿಯ ಬೀಜ ಬಿಡಿಸುವ ಜಿನ್ನು ಕಾರ್ಖಾನೆ ಭೋರ್ಗರೆಯುತ್ತಿದ್ದ ಕಾಲದಲ್ಲೂ ಆಕೆ ಕೆಮ್ಮಿದರೆ ಮಷೀನುಗಳು ಒಂದು ಗಳಿಗೆ ತಡೆದು ‘ಏನಂದಿ ಯವ್ವಾ?’ ಎಂದು ಕೇಳುತ್ತಿದ್ದವು. ಆಕೆಯ ಕೂಗಿಗೆ ಗದಗಿಗೆ ಹೊರಟಿದ್ದ ರೈಲು ಹಿಂದಕ್ಕೆ ಬಂದದ್ದನ್ನು ಕಂಡವರಿದ್ದಾರೆ. ಕಾಣದವರು ನಂಬದಿದ್ದರೆ ಅದು ಅವರ ಕರ್ಮ.

ಅಂಥ ರೇವವ್ವ ಎಂಬತ್ನಾಲ್ಕನೆಯ ಇಸವಿಯ ಹೋಳಿಹುಣ್ಣಿಮೆಯ ಮಧ್ಯಾಹ್ನ ಜಿನ್ನಿನ ಗೇಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದಳು. ಆಕೆ ಸುಮ್ಮನಾದಳೆಂದರೆ ಊರಿಗೆ ಏನೋ ಕಾದಿದೆ ಎಂದೇ ಅರ್ಥ.

ಜಿನ್ನು ಮುಚ್ಚಿ ವರ್ಷವಾಗಿತ್ತು. ಮಷೀನು ಹೋದವು, ಕೆಲಸ ಹೋಯಿತು, ಬೆಳಗಿನ ಪಾಳಿಯ ಭೋಂಗಾ ಕೂಗದೆ ಊರಿನ ಕೋಳಿಗಳಿಗೂ ಬೆಳಗಾದದ್ದು ತಿಳಿಯದಂತಾಯಿತು. ಉಳಿದದ್ದು ಅಂಗಳದ ಬೇವಿನ ಗಿಡದ ಕೆಳಗೆ ಪ್ರತಿ ಹೋಳಿಗೂ ಕೂಡಿಸಿ ಸುಡುತ್ತಿದ್ದ ಜಿನ್ನಿನವರ ಕಾಮಣ್ಣನ ಗೊಂಬೆ ಮಾತ್ರ. ಈ ಸಲ ಅದೂ ಇಲ್ಲವೆಂದು ಮ್ಯಾನೇಜರ್ ಮಡಿವಾಳೆಪ್ಪ ಗೇಟಿಗೆ ಸರಪಳಿ ಸುತ್ತಿ ಕೀಲಿ ಜಡಿದಿದ್ದ. ಅಂಗಳವನ್ನು ಪ್ಲಾಟು ಮಾಡಿ ಮಾರುವವರಿದ್ದರು. ಒಂದು ವರ್ಷ ಕಾಮಣ್ಣ ಕೂಡದಿದ್ದರೆ ಮುಂದಿನ ವರ್ಷ ಕೇಳಲು ಬಾಯಿಯೇ ಇರುವುದಿಲ್ಲ. ಅದು ಅವನಿಗೂ ಗೊತ್ತು, ರೇವವ್ವನಿಗೂ ಗೊತ್ತು.

“ಬಸ್ ಸ್ಟ್ಯಾಂಡ್ ಬಾಜು ಕುಂದರಸೂಣು ಬಿಡಬೇ,” ಎಂದ ಹನಮಪ್ಪ, ಬಡಿಯುವ ಹಲಗೆಯ ಚರ್ಮವನ್ನು ಬೆಂಕಿಗೆ ಕಾಯಿಸುತ್ತ. ಅವನು ಜಿನ್ನಿನ ಬಾಯ್ಲರಿಗೆ ಬೆಂಕಿ ಹಾಕುತ್ತಿದ್ದವನು. “ಎಲ್ಲಿ ಕುಂತರೂ ಕಾಮಣ್ಣಗ ಸುಡೂದು ತಪ್ಪೂದಿಲ್ಲ.”

“ನಿನ್ನ ಅಡಗಿಮನ್ಯಾಗ ಕುಂದರಸು ಹಂಗಾರ! ಜಿನ್ನಿನ ಕಾಮಣ್ಣ ಜಿನ್ನಿನಾಗ ಕುಂದರಬೇಕು.”

“ಹೆಂಗಸರು ಕಾಮಣ್ಣನ ಕೆಲಸಕ್ಕ ಬರೂದು ಪದ್ಧತಿ ಅಲ್ಲ.”

“ನಾವು ಹೆಂಗಸರು ಜಿನ್ನಿನಾಗ ಹತ್ತಿ ಧೂಳ ತಿನ್ನೂದು ಪದ್ಧತಿ ಇತ್ತೇನೋ ಮೂಳಾ?”

ಹನಮಪ್ಪ ಹಲಗೆಯತ್ತ ಮುಖ ತಿರುಗಿಸಿದ. ರೇವವ್ವ ಗೇಟನ್ನೇ ನೋಡುತ್ತಿದ್ದಳು. ಅಪ್ಪಟ ಸಾಗವಾನಿ, ತೇಗದ ಕಟ್ಟಿಗೆ. ಹೋಳಿಗೆ ಕಟ್ಟಿಗೆ ಕದಿಯುವುದು ಊರಿನ ಹಳೆಯ ಹಕ್ಕು. ಕದ್ದದ್ದನ್ನು ಕಾಮಣ್ಣನ ಮುಂದಿಟ್ಟರೆ ಮುಗಿಯಿತು, ಅದು ಅವನದೇ. ಮರಳಿ ಕೇಳಿದವನ ಎದುರು ಊರಿಗೆ ಊರೇ ಲಬೋ ಲಬೋ ಎಂದು ಬಾಯಿ ಬಡಿದುಕೊಳ್ಳುತ್ತದೆ. ಹಾಗೆ ಬಡಿಸಿಕೊಂಡವನ ಮರಿಮಕ್ಕಳಿಗೂ ಹೆಣ್ಣು ಸಿಕ್ಕುವುದಿಲ್ಲ.

ಆಕೆ ಸ್ಟೂಲಿನ ಮೇಲೆ ಕುಳಿತಿದ್ದ ವಾಚಮನ್ ಬಾಷಾಸಾಬನ ಬಳಿ ಹೋದಳು.

“ಕಾಕಾ, ನಿಮಗೇನಂತ ಹುಕುಂ ಆಗೇತ್ರಿ?”

“ಗೇಟ ದಾಟಿ ಯಾರೂ ಒಳಗ ಹೋಗಬಾರದು, ಒಳಗಿಂದ ಒಂದ ಕಡ್ಡೀನೂ ಹೊರಗ ಬರಬಾರದು.”

“ಗೇಟಿನ ಸುದ್ದಿ ಏನರೆ ಹೇಳ್ಯಾರೇನ್ರಿ?”

ಬಾಷಾಸಾಬ ಗಡ್ಡ ಕೆರೆದುಕೊಂಡ. “ಅದರ ಸುದ್ದಿ ಎತ್ತೇ ಇಲ್ಲ ನೋಡವಾ.” ಎದ್ದು, ಸ್ಟೂಲನ್ನು ನೆರಳಿಗೆ ಎಳೆದು, ಗೇಟಿಗೆ ಬೆನ್ನು ಹಾಕಿ ಕುಳಿತ.

ಐರಾವತ ಬಂದರೂ ಬೆವರೊರೆಸಿಕೊಂಡು ವಾಪಸು ಹೋಗಬೇಕು, ಅಂಥ ಗೇಟು ಅದು. ಜಿನ್ನಿನ ಗಂಡಸರು, ಹೆಂಗಸರು ಎಲ್ಲ ಕೈಹಚ್ಚಿದರು. ರೇವವ್ವ “ಹೂಂ, ಎತ್ತರಿ!” ಎಂದಳು. ಆ ದನಿಗೆ ಬಾಗಿಲು ಹಿಡಿದಿದ್ದ ಬಿಜಾಗರಿಗಳು ಹೆದರಿ ತಾವಾಗಿಯೇ ಕಳಚಿಕೊಂಡವು. ಎರಡೂ ಬಾಗಿಲು, ಸರಪಳಿ, ಕೀಲಿ ಸಮೇತ ಗೇಟು ಪಲ್ಲಕ್ಕಿಯಂತೆ ಹೆಗಲೇರಿ ಬೇವಿನ ಗಿಡದ ಕೆಳಗೆ ಹೋಗಿ ಮಲಗಿತು. ಅದರ ಹಿಂದೆಯೇ ಕಾಮಣ್ಣ ಬಂದು ಕುಳಿತ.

ಉಂಡು, ಒಂದು ನಿದ್ದೆ ತೆಗೆದು ಬಂದ ಮಡಿವಾಳೆಪ್ಪ ರೂಢಿಯಂತೆ ಕೀಲಿಕೈ ಮುಂದೆ ಚಾಚಿದ. ಕೈ ಗಾಳಿಯಲ್ಲೇ ನಿಂತಿತು.

“ಎಲ್ಲಿ ಹೋತೋ ಬಾಷಾ ಗೇಟು?”

“ಹೊರಗ ಒಂದ ಕಡ್ಡೀನೂ ಹೋಗಿಲ್ರಿ ಸಾಹೇಬ್ರ. ಎಲ್ಲಾ ಒಳಗ ಐತ್ರಿ.”

“ಈ ಮಂದಿ ಹೆಂಗ ಒಳಗ ಬಂತು?”

“ದಾಟಾಕ ಗೇಟ ಎಲ್ಲಿತ್ರಿ?”

ಮಡಿವಾಳೆಪ್ಪ ಬೇವಿನ ಗಿಡದತ್ತ ಓಡಿದ. “ಪೊಲೀಸರನ್ನ ಕರಸ್ತೀನಿ!”

“ಕರಸ್ರಿ,” ಎಂದಳು ರೇವವ್ವ. “ಅದಕ್ಕೂ ಮೊದಲ ನಮ್ಮತ್ತಿ ಹೊರಸು ಕೊಡ್ರಿ. ಸಣ್ಣವರಿದ್ದಾಗ ಕದ್ದು ನಿಮ್ಮ ಓಣಿ ಕಾಮಣ್ಣಗ ಹಾಕಿದ್ರೆಲ್ಲಾ? ಪಾಪ, ಆಕಿ ಅದರ ಮ್ಯಾಲೆ ಮಲಗಿದ್ದಳು!”

“ಎಚ್ಚರಾದಾಗ ನವಲಗುಂದದಾಗ ಇದ್ದಳಂತ,” ಎಂದ ಹನಮಪ್ಪ.

“ಸುಳ್ಳು! ಊರ ಅಗಸಿಮಟ ಅಷ್ಟ ಹೊತ್ತಿದ್ವಿ!” ಎಂದುಬಿಟ್ಟ ಮಡಿವಾಳೆಪ್ಪ ನಾಲಿಗೆ ಕಚ್ಚಿಕೊಂಡ.

ಅಂಗಳವೆಲ್ಲ ನಕ್ಕಿತು. ರೇವವ್ವ ನಗಲಿಲ್ಲ. “ಆಕಿ ಹೊರಸು ಮರಳಿ ಕೇಳಿದಳೇನ್ರಿ?”

ಅವನು ಬಾಯಿ ತೆರೆದ. ನೆರೆದವರೆಲ್ಲ ಒಟ್ಟಿಗೆ ಅಂಗೈಯನ್ನು ಬಾಯಿಯ ಹತ್ತಿರ ತಂದರು. ಹನಮಪ್ಪ ಹಲಗೆಯ ಮೇಲೆ ಕೋಲು ಎತ್ತಿದ. ಮಡಿವಾಳೆಪ್ಪ ಬಾಯಿ ಮುಚ್ಚಿದ.

“ಕಬ್ಬಿಣ ಕಾಮಣ್ಣಗ ಬರೂದಿಲ್ಲ,” ಎಂದಳು ರೇವವ್ವ. “ಕೀಲಿ ತಗದು, ನಿಮ್ಮದು ನೀವು ಒಯ್ಯರಿ. ನಾವೇನು ಕಳ್ಳರಲ್ಲ.”

ಕೀಲಿ ತೆಗೆಯಬೇಕಾದರೆ ಬಗ್ಗಬೇಕು. ಅವನು ಕಾಮಣ್ಣನ ಪಾದದ ಹತ್ತಿರ ಮೊಣಕಾಲೂರಿ ಬಗ್ಗಿದಾಗ ಹಲಗೆ ಬಡಿದ ಸದ್ದಿಗೆ ಹುಬ್ಬಳ್ಳಿಯ ಪಾರಿವಾಳಗಳೂ ಎದ್ದು ಹಾರಿದವು.

ಸರಪಳಿ ಹೆಗಲಿಗೆ ಹಾಕಿಕೊಂಡು, ಕೀಲಿ ಹಿಡಿದು ಮಡಿವಾಳೆಪ್ಪ ಹೊರಟ. ಹೊರಗೆ ಕಾಲಿಟ್ಟವನು ಮುಚ್ಚಲೆಂದು ರೂಢಿಯಂತೆ ಹಿಂದಿರುಗಿ ನಿಂತ. ಮುಚ್ಚಲು ಏನೂ ಇರಲಿಲ್ಲ.

“ಮುಂದಿನ ಹೋಳಿಗೆ ಕಬ್ಬಿಣದ ಗೇಟ ಹಾಕಸ್ರಿ!” ಎಂದು ಗಿಡದ ಕೆಳಗಿನಿಂದ ರೇವವ್ವ ಕೂಗಿದಳು. “ನಮಗ ಬಡಿಯಾಕ ಹಲಗಿ ಕಮ್ಮಿ ಬಿದ್ದಾವು!”