ಕನ್ನಡಿಯೆಂದು ಮುಚ್ಚಿದ ಹಲಗೆ

ಫ್ಯೋಕ್ಲಾ ಮುಕ್ಕಾಲಿಯ ಮೇಲೆ ಹತ್ತಿ ನಿಂತು, ದೇವರ ಮೂಲೆಯಲ್ಲಿದ್ದ ಹಲಗೆಗೂ ಒಂದು ಶಾಲು ಹೊದಿಸುತ್ತಿದ್ದಳು.

“ಅಕ್ಕಾ, ಅದನ್ಯಾಕೆ ಮುಚ್ತೀಯ?” ಸತ್ತ ಗಂಡನ ತಲೆದೆಸೆಯಲ್ಲಿ ಕೂತಿದ್ದ ಉಸ್ತಿನ್ಯಾ ಕೇಳಿದಳು.

“ಹೆಣ ಇರೋ ಮನೇಲಿ ಕನ್ನಡಿ ತೆರೆದಿಡ್ತಾರೇನೇ? ಹೋದವನು ತನ್ನ ಮುಖ ಕಂಡ್ರೆ ಹೊಸ್ತಿಲು ದಾಟಲ್ಲ.”

“ಅದು ಕನ್ನಡಿ ಅಲ್ಲ. ನಿನ್ನ ತಮ್ಮ ಬರೆದ ಚಿತ್ರ.”

ಮುದುಕಿಯ ಕೈ ಅಲ್ಲೇ ನಿಂತಿತು. ಅವಳು ಹಳ್ಳಿಯಿಂದ ಬಂದದ್ದು ನಿನ್ನೆ. ಈ ಮನೆಯನ್ನು ಹಿಂದೆ ಕಂಡವಳಲ್ಲ. “ಚಿತ್ರಾನಾ? ಮತ್ತೆ ಅದರೊಳಗಿಂದ ಒಬ್ಬ ಹೆಂಗಸು ನೋಡಿದಳಲ್ಲ.”

“ನೀನೇ ಇರಬೇಕು. ವಾರ್ನಿಶ್ ಹೊಳೀತದೆ.”

“ನನ್ನ ಮುಖ ನನಗೆ ಗೊತ್ತಿಲ್ವಾ? ಈ ವಯಸ್ಸಲ್ಲಿ ನನ್ನ ತೋಳಲ್ಲಿ ಕೂಸು ಎಲ್ಲಿಂದ ಬರಬೇಕು?”

ಉಸ್ತಿನ್ಯಾ ಶಿಲುಬೆಯ ಗುರುತು ಹಾಕಿಕೊಳ್ಳಲು ಎತ್ತಿದ ಕೈ ಎದೆಯ ಹತ್ತಿರವೇ ಉಳಿಯಿತು.

*

ಕ್ರಾಂತಿಯ ಬೆನ್ನಿಗೆ, ಸಾವಿರದ ಒಂಬೈನೂರ ಇಪ್ಪತ್ತರಲ್ಲಿ, ವೀತೆಬ್ಸ್ಕ್ ಪಟ್ಟಣದ ಗೋಡೆಗಳಿಗೆ ಹುಚ್ಚು ಹಿಡಿದಂತಿತ್ತು. ಅಲ್ಲಿಯವರೆಗೆ ಅಂಗಡಿಗಳ ಬೋರ್ಡಿನ ಮೇಲೆ ರೊಟ್ಟಿ, ಮೀನು, ಹಂದಿಯ ತಲೆ ಬರೆದುಕೊಂಡಿದ್ದ ಅವಳ ಗಂಡ ಯೆವ್ಸೇಯ್, ಕಲಾಶಾಲೆಯ ಹುಡುಗರ ಜೊತೆ ಸೇರಿ ಬೀದಿ ತುಂಬ ನೀಲಿ ಪಟ್ಟೆ, ಹಳದಿ ತ್ರಿಕೋನ, ಕಪ್ಪು ಚೌಕ ಬಳಿದ. ಮೊಣಕೈವರೆಗೂ ಬಣ್ಣ ಮಾಡಿಕೊಂಡು ಮನೆಗೆ ಬರುತ್ತಿದ್ದ.

“ಚೌಕದಲ್ಲಿ ಯಜಮಾನನ ಮೂಗಿಲ್ಲ ಕಣೇ, ಜೀತದವನ ಬೆನ್ನೂ ಇಲ್ಲ. ಹೊಸ ಲೋಕ ಅಲ್ಲಿಂದಲೇ ಶುರು.”

“ಹೊಸ ಲೋಕದಲ್ಲಿ ಆಲೂಗಡ್ಡೆ ಸಿಗ್ತದಾ?” ಎಂದು ಉಸ್ತಿನ್ಯಾ ಕೇಳಿದರೆ ನಗುತ್ತಿದ್ದ.

ಅವರ ಚಿತ್ರಗಳ ಪ್ರದರ್ಶನಕ್ಕೆ ಹಲಗೆ ಸಾಲದಾಯಿತು. ಒಣಗಿದ ಮರವೆಲ್ಲ ಜನರ ಒಲೆ ಸೇರಿತ್ತು. ಒಂದು ದಿನ ಅವಳು ನದಿಯಿಂದ ನೀರು ತರುವಷ್ಟರಲ್ಲಿ ಅವಳ ತಾಯಿ ಕೊಟ್ಟ, ಕೂಸೆತ್ತಿಕೊಂಡ ದೇವಮಾತೆಯ ಮರದ ಪಟ ಮೂಲೆಯಲ್ಲಿರಲಿಲ್ಲ. ತಿಂಗಳಾದ ಮೇಲೆ ಅದೇ ಹಲಗೆ ಮರಳಿ ಬಂತು: ಸುತ್ತ ಬಿಳಿ, ನಡುವೆ ಕಪ್ಪು ಚೌಕ.

“ಅವಳೆಲ್ಲಿ?”

“ಇದ್ದಲ್ಲೇ ಇದ್ದಾಳೆ ಅನ್ಕೋ,” ಎಂದು ಅದೇ ಮೊಳೆಗೆ ತೂಗುಹಾಕಿದ.

ಆಮೇಲೆ ಹುಡುಗರು ಊರು ಬಿಟ್ಟರು, ಗೋಡೆಗಳಿಗೆ ಸುಣ್ಣ ಬಿತ್ತು, ಯೆವ್ಸೇಯ್ ಮತ್ತೆ ಮೀನು ಬರೆದ. ಉಸ್ತಿನ್ಯಾ ಒಂಬತ್ತು ವರ್ಷ ಆ ಕಪ್ಪಿನ ಮುಂದೆ ದೀಪ ಹಚ್ಚಿದಳು. ಮತ್ತೆ ಕೇಳಲಿಲ್ಲ. ಕೇಳಿ, ಅವನು ಇಲ್ಲ ಎಂದುಬಿಟ್ಟರೆ?

*

ಆಗ ಯೆವ್ಸೇಯ್ ಜೊತೆ ಬೀದಿಗೆ ಬಣ್ಣ ಬಳಿದಿದ್ದ ಗೆಳೆಯ ರೊದಿಯೋನ್ ಸುತ್ತಿಗೆ ಹಿಡಿದು ಒಳಗೆ ಬಂದ. ತೋಳಿಗೆ ಬಣ್ಣಗಾರರ ಸಂಘದ ಕೆಂಪು ಪಟ್ಟಿ, ಗಡ್ಡದಲ್ಲಿ ಹಿಮ. “ಅತ್ತಿಗೇ, ಜಾರುಬಂಡಿ ಬಂದಿದೆ. ಆ ಹಲಗೆ ಕೊಡಿ, ಶವಪೆಟ್ಟಿಗೆಯ ಮುಚ್ಚಳಕ್ಕೆ ಹೊಡೀತೀನಿ. ಆ ಕಾಲದ ಅವನ ಚಿತ್ರ ಅಂತ ಊರಲ್ಲಿ ಉಳಿದಿರೋದು ಅದೊಂದೇ.”

“ನಾನು ಅದನ್ನ ಅವರ ಎದೆ ಮೇಲೆ ಇಡಬೇಕು ಅಂತಿದ್ದೆ. ನೀವು ಸಂಘದವರು ಪಾದ್ರಿ ಬೇಡ ಅಂದ್ರಿ, ಆಯ್ತು. ದೇವಮಾತೆಯೂ ಇಲ್ಲದೆ ಹೇಗೆ ಕಳಿಸ್ಲಿ?” ದನಿ ತಗ್ಗಿಸಿದಳು. “ರೊದಿಯೋನ್, ನಿಜ ಹೇಳು. ಅವಳು ಅದರಡಿ ಇದ್ದಾಳಾ?”

ರೊದಿಯೋನ್ ಟೋಪಿ ತೆಗೆದ. “ಹಳೇ ಪಟಗಳನ್ನ ಮರ ಕಾಣೋವರೆಗೂ ಕೆರೀಬೇಕು ಅಂತ ನಮ್ಮಲ್ಲೇ ತೀರ್ಮಾನ ಆಗಿತ್ತು. ನನ್ನ ಪಾಲಿನ ಹನ್ನೊಂದು ಹಲಗೆ ಕೆರೆದೆ. ಇವನು ಬಾಗಿಲು ಹಾಕ್ಕೊಂಡ. ಗೋಡೆ ಆಚೆ ದಿನವೆಲ್ಲ ಕೆರೆಯೋ ಸದ್ದು. ಏನು ಕೆರೆದನೋ, ನೋಡಲಿಲ್ಲ.” ಜೇಬಿನಿಂದ ಚೂರಿ ತೆಗೆದ. “ಒಂದು ಹೆಬ್ಬೆರಳಗಲ ಕೆರೆದು ನೋಡಿಬಿಡೋಣ?”

“ಕೆರೀರೋ, ಕೆರೀರಿ,” ಫ್ಯೋಕ್ಲಾ ಮೂಲೆಯಿಂದ ಗೊಣಗಿದಳು. “ಒಳಗಿರೋಳಿಗೆ ನೋವಾಗಲ್ಲ ಅನ್ಕೊಂಡಿದೀರಾ?” ಬೆಳಗಿನಿಂದ ಹೇಳುತ್ತಿದ್ದ ಕೀರ್ತನೆಯನ್ನು ಬಿಟ್ಟ ಸಾಲಿನಿಂದಲೇ ಮತ್ತೆ ಎತ್ತಿಕೊಂಡಳು. ಅವಳಿಗೆ ಓದು ಬಾರದು, ಎಲ್ಲ ಬಾಯಿಪಾಠ.

ಉಸ್ತಿನ್ಯಾ ಆ ದನಿಯನ್ನು ಕೇಳುತ್ತ ನಿಂತಳು. ಕೆರೆದರೆ ಅಲ್ಲಿ ಬರೀ ಮರವಿದ್ದರೆ, ಒಂಬತ್ತು ವರ್ಷದ ದೀಪವೂ ಹೋಯಿತು, ಅವನೂ ಹೋದ.

“ಚೂರಿ ಒಳಗಿಡಪ್ಪ. ಇರಲಿ, ಇಲ್ಲದಿರಲಿ, ಇದು ಅವರ ಎದೆ ಮೇಲೇ ಹೋಗಲಿ. ಮುಚ್ಚಳಕ್ಕೆ ಬೇಡ.”

ಶಾಲು ತೆಗೆದು, ಹಲಗೆಯನ್ನು ಇಳಿಸಿ, ಎದೆಯ ಮೇಲೆ ಜೋಡಿಸಿದ್ದ ಗಂಡನ ಕೈಗಳ ಮೇಲಿಟ್ಟು ಹಿಂದೆ ಸರಿದಳು. ಹೆಣವಿದ್ದ ಕೋಣೆಯಲ್ಲಿ ಎರಡು ದಿನದಿಂದ ಒಲೆ ಹಚ್ಚಿರಲಿಲ್ಲ. ಕಿಟಕಿಯ ಗಾಜಿನ ಮೇಲೆ ಬೆರಳುದಪ್ಪ ಹಿಮ.

ರೊದಿಯೋನ್ ಮುಚ್ಚಳ ಎತ್ತಿದವನು ಹಾಗೇ ನಿಂತ.

ಕಪ್ಪು ಚೌಕದ ಮೇಲೆ ಆವಿ ಹರಡುತ್ತಿತ್ತು. ಅವರಿಬ್ಬರೂ ಎರಡು ಹೆಜ್ಜೆ ದೂರವಿದ್ದರು. ಫ್ಯೋಕ್ಲಾ ಇನ್ನೂ ಆಚೆ. ಯಾರ ಉಸಿರೂ ಅದಕ್ಕೆ ತಾಕುವಂತಿರಲಿಲ್ಲ. ಆ ಬಿಳಿ ತೆಳು ಪದರದಲ್ಲಿ, ಹಿಂದಿನ ಕಾಲದ ಪಟ ಬರೆಯುವವನೊಬ್ಬ ಬಣ್ಣ ಹಚ್ಚುವ ಮೊದಲು ಮರಕ್ಕೆ ಬಳಿದ ಬಿಳಿ ಗಚ್ಚಿನಲ್ಲಿ ಕೈವಾರದಿಂದ ಕೊರೆದಿದ್ದ ಗೆರೆಗಳು ಒಂದೊಂದಾಗಿ ತೆರೆದುಕೊಂಡವು: ಒಂದು ದೊಡ್ಡ ಪ್ರಭಾವಳಿ, ಅದಕ್ಕೆ ಆತುಕೊಂಡು ಇನ್ನೊಂದು ಚಿಕ್ಕದು. ಆವಿ ಅಂಚಿನಿಂದ ಒಳಕ್ಕೆ ಕರಗಿತು. ಚೌಕ ಮತ್ತೆ ಕಪ್ಪಾಯಿತು. ಒಂದು ಉಸಿರಿನಷ್ಟು ಹೊತ್ತು ಬಿಟ್ಟು, ನಡುವಿನಿಂದ ಮತ್ತೆ ಹರಡತೊಡಗಿತು.