ಗುಬ್ಬಿಯ ಬ್ರೌಸರ್

ಊಟ ಮುಗಿದು ತಟ್ಟೆಗಳಿನ್ನೂ ಮೇಜಿನ ಮೇಲಿರುವಾಗಲೇ ಗುಬ್ಬಿ ತನ್ನ ಲ್ಯಾಪ್‌ಟಾಪ್ ತಂದು ಅಮ್ಮನ ಮುಂದಿಟ್ಟಳು. ಆಸ್ಪತ್ರೆಯ ಎಕ್ಸ್‌ರೇ ವಿಭಾಗದಲ್ಲಿ ಅವಳನ್ನು ಮೇಡಂ ಎನ್ನುತ್ತಿದ್ದರೂ ಮನೆಯಲ್ಲಿ ಅವಳು ಇವತ್ತಿಗೂ ಗುಬ್ಬಿಯೇ. ಬಿಡುವಾದಾಗಲೆಲ್ಲ ಕೂತು ಅವಳು ಒಂದು ಬ್ರೌಸರ್ ಬರೆಯುತ್ತಿದ್ದಳು. ಇಂಟರ್ನೆಟ್ಟಿನ ಪುಟಗಳನ್ನು ತೆರೆದು ತೋರಿಸುವ ಆ ಕಿಟಕಿಯನ್ನು ದೊಡ್ಡ ದೊಡ್ಡ ಕಂಪನಿಗಳು ಜನರ ದಂಡನ್ನೇ ಇಟ್ಟುಕೊಂಡು ಮಾಡಿಸುತ್ತವೆ. ಗುಬ್ಬಿ ಯಾರಿಂದಲೂ ಒಂದು ಸಾಲು ಕೋಡನ್ನೂ ಎರವಲು ತರದೆ ಒಬ್ಬಳೇ ಕಟ್ಟಿದ್ದಳು.

“ಪುಕ್ಕಟೆ ಸಿಗೋದನ್ನ ಮನೇಲಿ ಯಾಕೆ ಮಾಡ್ಬೇಕು?” ಎಂದಳು ಅಕ್ಕ.

“ಸುಮ್ನೆ ಕಣೇ. ಒಳಗೆ ಏನು ನಡೆಯತ್ತೆ ಅಂತ ನೋಡೋಣ ಅಂತ.”

ಪರದೆಯ ಮೇಲೆ ಹವಾಮಾನದ ಪುಟವೊಂದು ನಿಧಾನವಾಗಿ ಮೂಡಿತು. ಮೊದಲು ಇಂಗ್ಲಿಷಿನ ತಲೆಬರಹ, ಆಮೇಲೆ ಸಾಲುಗಳು, ಕೊನೆಗೆ ಮೋಡದ ಚಿತ್ರ. ಅಮ್ಮನ ಮುಖ ಅರಳಿತು. “ಚಿಕ್ಕೋಳಿದ್ದಾಗಿಂದ್ಲೂ ಇವಳು ಹೀಗೇ. ಅಪ್ಪ ಆಫೀಸಿಂದ ತಂದಿದ್ರಲ್ಲ ಹಳೇ ಕಂಪ್ಯೂಟರ್, ಅದ್ರಲ್ಲಿ ನಕ್ಷತ್ರದ ಗೋಪುರ ಮಾಡಿ ತೋರಿಸಿರ್ಲಿಲ್ವಾ?”

ಅಕ್ಕನಿಗೆ ಎದೆಯಲ್ಲಿ ಕೆಂಡ ಇಟ್ಟಂತಾಯಿತು. “ಅದನ್ನ ಮಾಡಿದ್ದು ನಾನಮ್ಮಾ.”

“ಯಾರಾದ್ರೇನು ಬಿಡೇ, ಇಬ್ರೂ ನನ್ನ ಮಕ್ಕಳೇ ತಾನೆ.”

“ನಾನೇ ಮಾಡಿದ ಹಾಗೆ ನೆನಪು ನಂಗೆ,” ಎಂದಳು ಗುಬ್ಬಿ, ಪರದೆಯಿಂದ ಕಣ್ಣು ಕೀಳದೆ.

ಅಕ್ಕನಿಗೆ ಆ ಸಂಜೆ ಕಣ್ಣಿಗೆ ಕಟ್ಟಿದಂತಿತ್ತು. ಕಪ್ಪು ಪರದೆ, ಹಸಿರು ಅಕ್ಷರ, ಒತ್ತಿದರೆ ಟಕಟಕ ಸದ್ದು ಮಾಡುವ ಕೀಲಿಮಣೆ. ಪತ್ರಿಕೆಯೊಂದರಲ್ಲಿ ಬಂದಿದ್ದ ಪ್ರೋಗ್ರಾಮನ್ನು ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದಳು. ಎಷ್ಟು ಸಲ ತಪ್ಪು ಬಂದರೂ ಬಿಟ್ಟಿರಲಿಲ್ಲ. ಕೊನೆಗೆ ನಕ್ಷತ್ರದ ಚಿಹ್ನೆಗಳು ಸಾಲುಸಾಲಾಗಿ ಒಂದರ ಕೆಳಗೊಂದು ಇಳಿದು ಗೋಪುರವಾದಾಗ ಅಪ್ಪ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದ್ದರು. ಆಮೇಲೆ ಓದು, ಮದುವೆ, ಕನ್ನಡಕದ ಅಂಗಡಿಯ ಕೆಲಸ. ಕಂಪ್ಯೂಟರ್ ಅವಳ ಪಾಲಿಗೆ ಬಿಲ್ ಹಾಕುವ ಯಂತ್ರವಾಗಿ ಉಳಿಯಿತು. ಆ ಗೋಪುರವೊಂದು ಮಾತ್ರ ಅವಳದಾಗಿತ್ತು. ಈಗ ಅದೂ ತಂಗಿಯ ಲೆಕ್ಕಕ್ಕೆ ಹೋಗಿತ್ತು.

ಹೊರಡುವಾಗ ಅವಳು ಜೇನಿನಂಥ ದನಿಯಲ್ಲಿ ಕೇಳಿದಳು: “ನಿನ್ನ ಬ್ರೌಸರ್ ನಂಗೂ ಹಾಕಿಕೊಡೇ, ಬಳಸಿ ನೋಡ್ತೀನಿ.” ಗುಬ್ಬಿ ಹಿಗ್ಗಿ ಹೀರೇಕಾಯಿಯಾದಳು. ಅಕ್ಕನಿಗೆ ಬೇಕಾಗಿದ್ದು ಬ್ರೌಸರ್ ಅಲ್ಲ, ಅದರ ಹುಳುಕು.

ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತೆಲ್ಲ ಅವಳು ಅದೇ ಕೆಲಸಕ್ಕೆ ಕೂತಳು. ರೈಲಿನ ವೇಳಾಪಟ್ಟಿ ತೆರೆದರೆ ಕಾಲಂಗಳು ಒಂದರ ಮೇಲೊಂದು ಬಿದ್ದವು. ದೊಡ್ಡ ಚಿತ್ರ ಬಂದರೆ ಕಿಟಕಿಯೇ ಮುಚ್ಚಿಕೊಂಡಿತು. ಒಂದೊಂದು ತಪ್ಪು ಸಿಕ್ಕಾಗಲೂ ಬಾಯಿಗೆ ಸಕ್ಕರೆ ಹಾಕಿದಂತಾಗುತ್ತಿತ್ತು. ಒಂದು ಬೆಳಿಗ್ಗೆ ಕನ್ನಡದ ಸುದ್ದಿಪುಟ ತೆರೆದಳು. ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ‘ಅಕ್ಕ’ ಎಂಬುದರಲ್ಲಿ ಎರಡು ಕ ಅಕ್ಕಪಕ್ಕ ನಿಂತು, ನಡುವೆ ಒಂದು ಕೊಕ್ಕೆ ಗಾಳಿಯಲ್ಲಿ ನೇತಾಡುತ್ತಿತ್ತು. ಅವಳು ಅದನ್ನು ತಂಗಿಗೆ ಹೇಳಲಿಲ್ಲ.

ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಹವ್ಯಾಸಿಗಳ ಸಭೆಯಿತ್ತು. ಗುಬ್ಬಿ ಮಾತಾಡಲು ನಿಂತಳು. ಇಂಗ್ಲಿಷ್ ಪುಟಗಳನ್ನು ತೋರಿಸಿ ಚಪ್ಪಾಳೆ ಗಿಟ್ಟಿಸಿದಳು. ನಕ್ಷತ್ರದ ಗೋಪುರದ ಕಥೆಯನ್ನೂ ಹೇಳಿದಳು, ತನ್ನದೇ ಎಂಬಂತೆ. ಹಿಂದಿನ ಸಾಲಿನಲ್ಲಿದ್ದ ಅಕ್ಕ ಕೈಯೆತ್ತಿದಳು.

“ಕನ್ನಡದ್ದು ಯಾವ್ದಾದ್ರೂ ತೆಗೀತೀಯಾ?”

ಗುಬ್ಬಿ ತೆಗೆದಳು. ಗೋಡೆಯಷ್ಟಗಲ ಪರದೆಯ ಮೇಲೆ ಅಕ್ಷರಗಳ ಕೈಕಾಲು ಕಳಚಿಬಿದ್ದವು. ಯಾರೋ “ಇದ್ಯಾವ ಭಾಷೆ?” ಅಂದರು. ಕೋಣೆ ಗೊಳ್ಳೆಂದಿತು. ಗುಬ್ಬಿಯ ಕಿವಿ ಕೆಂಪಾಯಿತು. ಇಂಗ್ಲಿಷ್ ಪುಟಗಳಲ್ಲೇ ಮುಳುಗಿ ತನ್ನ ಭಾಷೆಯನ್ನೇ ಪರೀಕ್ಷಿಸಿರಲಿಲ್ಲ ಎಂದು ತೊದಲಿ, ಬೇಗ ಮುಗಿಸಿ ಕೂತಳು. ಅಕ್ಕನೂ ಎಲ್ಲರೊಂದಿಗೆ ನಕ್ಕಳು. ನಗು ಬಾಯಲ್ಲಿದ್ದಂತೆಯೇ ಕಹಿಯಾಯಿತು.

ಮೆಟ್ಟಿಲ ಬಳಿ ಗುಬ್ಬಿ ಅವಳನ್ನು ಅಡ್ಡಗಟ್ಟಿದಳು.

“ನಿಂಗೆ ಮೊದ್ಲೇ ಗೊತ್ತಿತ್ತಲ್ವಾ?”

“ಹೂಂ.”

“ಒಂದು ಫೋನ್ ಮಾಡಿದ್ರೆ ಏನಾಗ್ತಿತ್ತು?”

ಅಕ್ಕ ಸುಳ್ಳು ಹುಡುಕಿದಳು, ಸಿಗಲಿಲ್ಲ. “ಹೊಟ್ಟೆಕಿಚ್ಚು ಕಣೇ. ನೀನು ಆ ಗೋಪುರಾನೂ ಕಿತ್ಕೊಂಡೆ. ಅದನ್ನ ಒತ್ತಿದ್ದು ನನ್ನ ಬೆರಳು.”

“ಗೊತ್ತು,” ಎಂದಳು ಗುಬ್ಬಿ. “ನಂಗೂ ಚೆನ್ನಾಗಿ ಗೊತ್ತು. ಒಂದೇ ಒಂದು ಸಲ ಆದ್ರೂ ಮುಟ್ಟೋಕೆ ಬಿಟ್ಟಿದ್ಯಾ ನನ್ನ? ಪಕ್ಕದಲ್ಲಿ ಬಕೆಟ್ ಬೋರಲು ಹಾಕ್ಕೊಂಡು ಕೂತಿರ್ತಿದ್ದೆ. ನೀನು ಸ್ಕೂಲಿಗೆ ಹೋದ್ಮೇಲೆ ಆಫ್ ಆಗಿರೋ ಕೀಲಿಮಣೆ ಮೇಲೆ ನೀನು ಒತ್ತಿದ್ದನ್ನೇ ಒತ್ತಿ ಒತ್ತಿ ಆಡ್ತಿದ್ದೆ. ಹೇಳ್ತಾ ಹೇಳ್ತಾ ಅದು ನಂದೇ ಆಗೋಯ್ತು. ನಿನ್ನ ಕಂಡ್ರೆ ಎಷ್ಟು ಉರೀತಿತ್ತು ಗೊತ್ತಾ ನಂಗೆ?”

ಅಕ್ಕನಿಗೆ ಬಕೆಟ್ ಬೋರಲು ಹಾಕಿ ಕೂತ ಹುಡುಗಿ ನೆನಪಿಗೇ ಬರಲಿಲ್ಲ. ಅವಳಿಗೆ ಅದರಿಂದಲೇ ಹೆಚ್ಚು ನೋವಾಯಿತು. ಕೆಳಗೆ ಬೀದಿಯಲ್ಲಿ ಬಸ್ಸೊಂದು ಹಾರನ್ ಹೊಡೆಯುತ್ತಿತ್ತು.

“ಒತ್ತಕ್ಷರ ಸರಿ ಮಾಡೋದು ತುಂಬಾ ಕಷ್ಟಾನಾ?” ಕೊನೆಗೆ ಅಕ್ಕ ಕೇಳಿದಳು.

“ತಲೆ ಕೆಟ್ಟುಹೋಗತ್ತೆ. ನೀನೇ ಮಾಡು. ಊರಿಗೆಲ್ಲ ತಪ್ಪು ತೋರಿಸಿದ್ಯಲ್ಲ.”

ಗುಬ್ಬಿ ಸಿಟ್ಟಿನಲ್ಲಿ ಅಂದದ್ದನ್ನು ಅಕ್ಕ ನಿಜವೆಂದೇ ಹಿಡಿದು, ಬ್ರೌಸರ್‌ನ ಕೋಡನ್ನು ಅವಳಿಂದ ತರಿಸಿಕೊಂಡಳು. ಮರೆತ ವಿದ್ಯೆಯನ್ನು ಮತ್ತೆ ಅ ಆ ಇ ಈಯಿಂದ ಕಲಿಯಬೇಕಾಯಿತು. ಒಂದು ಅಕ್ಷರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ, ಯಾವ ವ್ಯಂಜನ ಯಾವುದರ ಕೆಳಗೆ ಹೋಗಿ ಕೂರಬೇಕು, ಅರ್ಕಾವತ್ತು ಯಾಕೆ ಎಲ್ಲರ ದಾರಿ ಬಿಟ್ಟು ಹಿಂದಕ್ಕೆ ಓಡುತ್ತದೆ, ಹೀಗೆ ಎಲ್ಲವನ್ನೂ ಯಂತ್ರಕ್ಕೆ ತಿಳಿಹೇಳಬೇಕಿತ್ತು. ಅರ್ಥವಾಗದಾಗ ತಂಗಿಗೆ ಫೋನ್ ಮಾಡುವುದು ಕಷ್ಟವಾಗುತ್ತಿತ್ತು. ಗುಬ್ಬಿ ಮೊದಮೊದಲು ಬಿರುಸಾಗಿ ಉತ್ತರಿಸುತ್ತಿದ್ದಳು. ಆಮೇಲೆ ತಾನೇ ಫೋನ್ ಮಾಡಿ “ಎಲ್ಲಿಗೆ ಬಂತು?” ಎಂದು ಕೇಳತೊಡಗಿದಳು. ಅವಳು ಸಲೀಸಾಗಿ ಬಿಡಿಸಿ ಹೇಳುವುದನ್ನು ಕೇಳುವಾಗ ಅಕ್ಕನಿಗೆ ಮತ್ತೆ ಹೊಟ್ಟೆ ಉರಿಯುತ್ತಿತ್ತು. ಆದರೂ ಫೋನ್ ಇಡುತ್ತಿರಲಿಲ್ಲ.

ಅಕ್ಷರಗಳು ತಮ್ಮ ತಮ್ಮ ಜಾಗದಲ್ಲಿ ಕೂತ ಮೇಲೆ ಒಂದು ದಿನ, ಹೊಸ ಕನ್ನಡಕ ಹಾಕಿಸಿಕೊಳ್ಳಲು ನಿವೃತ್ತ ಬಸ್ ಡ್ರೈವರ್ ಒಬ್ಬರು ಅಂಗಡಿಗೆ ಬಂದರು. ಓದಿ ನೋಡಲಿ ಎಂದು ಅಕ್ಕ ಅದೇ ಬ್ರೌಸರ್‌ನಲ್ಲಿ ಸುದ್ದಿ ತೆರೆದುಕೊಟ್ಟಳು. ಅವರು ಕ್ರಿಕೆಟ್ ಸುದ್ದಿಯನ್ನು ಗಟ್ಟಿಯಾಗಿ, ಎಲ್ಲೂ ತಡವರಿಸದೆ ಓದಿದರು.

“ಚೆನ್ನಾಗಿದೆಯಲ್ಲಮ್ಮಾ. ಇದ್ಯಾವುದು? ನನ್ನ ಮೊಮ್ಮಗನ ಕಂಪ್ಯೂಟರಲ್ಲಿ ಈ ಥರ ಇಲ್ಲ.”

“ಮನೇಲೇ ಮಾಡಿದ್ದು.”

“ಯಾರು, ನೀವಾ?”

ಹೂಂ ಅನ್ನಬಹುದಿತ್ತು, ಅಲ್ಲ ಎನ್ನುವವರು ಅಲ್ಲಿ ಯಾರೂ ಇರಲಿಲ್ಲ. ಅಕ್ಕ ಒರೆಸಿದ್ದ ಮಸೂರವನ್ನೇ ಇನ್ನೊಮ್ಮೆ ಒರೆಸಿದಳು.

“ನನ್ನ ತಂಗಿ,” ಎಂದಳು. ಆಮೇಲೆ “ಒತ್ತಕ್ಷರ ಮಾತ್ರ ನಾನು,” ಎಂದು ಸೇರಿಸಿದಳು.